ಕಳಚಿಟ್ಟ ಉಂಗುರ: ಬಸ್‌ಬಾರ್‌ನ ಕರೆಂಟ್ ಅಳತೆಗೆ ಪಕ್ಕದ ಕಾಂತಕ್ಷೇತ್ರ ಅಡ್ಡಿಯಾದ ಬಗೆ

ಮೇಜಿನ ಮೇಲೆ ಒಂಟಿಯಾಗಿದ್ದಾಗ ಕರಾರುವಾಕ್ಕಾಗಿ ಅಳೆಯುವ ಕರೆಂಟ್ ಸೆನ್ಸರ್, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಬೇಕಾದಂತೆ ಬದಲಿಸುವ ಇನ್ವರ್ಟರ್ ಪೆಟ್ಟಿಗೆಯೊಳಗೆ ಮೂರು ತಾಮ್ರದ ಪಟ್ಟಿಗಳ (ಬಸ್‌ಬಾರ್‌ಗಳ) ನಡುವೆ ಕುಳಿತ ಕೂಡಲೇ ತಪ್ಪು ಲೆಕ್ಕ ಕೊಡತೊಡಗುತ್ತದೆ. ವಿದ್ಯುತ್ ವಾಹನಗಳ ವಿನ್ಯಾಸ ನಡೆಯುವ ಬೆಂಗಳೂರಿನಲ್ಲಿ ಈ ತೊಡಕಿಗೆ ಸೆನ್ಸರನ್ನೇ ದೂರುವುದು ರೂಢಿ. ಹಿಂದಿನ ಕಥೆಯನ್ನು ನೋಡಿದರೆ ದೂರು ಅಷ್ಟು ಸರಳವಾಗಿ ನಿಲ್ಲುವುದಿಲ್ಲ.

1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ನಗರದ ಬೀದಿದೀಪಗಳು ಬೆಳಗಿದ ಕಾಲದಿಂದ ಇಲ್ಲಿನ ಸರ್ಕಾರಿ ಕಾರ್ಖಾನೆ ಎನ್‌ಜಿಇಎಫ್‌ನ ಟ್ರಾನ್ಸ್‌ಫಾರ್ಮರುಗಳ ಕಾಲದವರೆಗೂ ಇದು ಯಾರಿಗೂ ದೊಡ್ಡ ಸಮಸ್ಯೆಯಾಗಿರಲಿಲ್ಲ, ಏಕೆಂದರೆ ಆಗ ಹೆಚ್ಚಾಗಿ ಅಳೆಯಬೇಕಿದ್ದುದು ದಿಕ್ಕು ಬದಲಿಸುತ್ತಿರುವ ಎ.ಸಿ. ಕರೆಂಟನ್ನು, ಅದನ್ನು ಅಳೆಯುತ್ತಿದ್ದ ಸಾಧನ ಸಿ.ಟಿ., ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ವಾಹಕವನ್ನು ಸುತ್ತುವರಿದ ಕಬ್ಬಿಣದ ಪೂರ್ಣ ಉಂಗುರವು ತನ್ನೊಳಗೆ ಹಾದುಹೋಗುವ ಕರೆಂಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೊರಗಿನದು ಬಹುಪಾಲು ತಾನಾಗಿ ವಜಾ ಆಗುತ್ತದೆ. ಈ ರಕ್ಷಣೆ ಬಿಟ್ಟಿಯಾಗಿ ದೊರೆಯುತ್ತಿದ್ದುದರಿಂದಲೇ ಅದರ ಬೆಲೆ ತಿಳಿದಿರಲಿಲ್ಲ.

ಬ್ಯಾಟರಿಯ, ಒಂದೇ ದಿಕ್ಕಿಗೆ ಹರಿಯುವ ಡಿ.ಸಿ.ಯನ್ನು ಸಿ.ಟಿ. ಅಳೆಯಲಾರದು. ಕರೆಂಟಿನ ದಾರಿಯಲ್ಲೇ ಇಡುವ ಸಣ್ಣ ರೋಧಕವಾದ ಷಂಟ್ ಅಳೆಯಬಲ್ಲದು, ಆದರೆ 100 ಮೈಕ್ರೋಓಮ್‌ನ ಷಂಟ್‌ನಲ್ಲಿ 500 ಆಂಪಿಯರ್ ಹರಿದರೆ 25 ವ್ಯಾಟ್ ಶಾಖವಾಗಿ ಹೋಗುತ್ತದೆ. ಹೀಗಾಗಿ 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ, ಕಾಂತಕ್ಷೇತ್ರವನ್ನು ವೋಲ್ಟೇಜಾಗಿ ತೋರಿಸುವ ಪರಿಣಾಮ ನೆರವಿಗೆ ಬಂತು: ಮೊದಲು ಸೀಳಿದ ಉಂಗುರದ ಸಂದಿಯಲ್ಲಿ ಹಾಲ್ ಸೆನ್ಸರ್, ಬಳಿಕ ತೂಕ, ಜಾಗ, ಖರ್ಚು ಉಳಿಸಲೆಂದು ಉಂಗುರವನ್ನೇ ಕೈಬಿಟ್ಟು ಪಟ್ಟಿಯ ಮೇಲೆ ಬರೀ ಚಿಪ್. ಒಂದೇ ಬಿಂದುವಿನಲ್ಲಿ ಕ್ಷೇತ್ರವನ್ನು ಅಳೆಯುವ ಚಿಪ್‌ಗೆ ಅದು ಯಾವ ಪಟ್ಟಿಯ ಕ್ಷೇತ್ರವೆಂದು ತಿಳಿಯುವ ದಾರಿಯೇ ಇಲ್ಲ.

ಇಲ್ಲಿಂದ ಮುಂದೆ ವಿಷಯ ರೇಖಾಗಣಿತಕ್ಕೆ ಸೇರಿದ್ದು. 400 ಆಂಪಿಯರ್ ಹರಿಯುವ ಪಟ್ಟಿಯನ್ನು ತೆಳು ತಂತಿಯೆಂದು ಭಾವಿಸಿದರೆ, ಅದರಿಂದ 10 ಮಿ.ಮೀ. ಮೇಲೆ 8 ಮಿಲಿಟೆಸ್ಲಾ ಕ್ಷೇತ್ರವಿರುತ್ತದೆ. 40 ಮಿ.ಮೀ. ಪಕ್ಕದಲ್ಲಿರುವ, ಅಷ್ಟೇ ಕರೆಂಟಿನ ಇನ್ನೊಂದು ಪಟ್ಟಿಯ ಕ್ಷೇತ್ರ ಅದೇ ಜಾಗದಲ್ಲಿ ಸುಮಾರು 2 ಮಿಲಿಟೆಸ್ಲಾ ಇದ್ದರೂ ಬಹುಪಾಲು ಲಂಬ ದಿಕ್ಕಿನದು. ಅಡ್ಡ ದಿಕ್ಕನ್ನು ಮಾತ್ರ ಅಳೆಯುವ ಸೆನ್ಸರ್‌ಗೆ ತಟ್ಟುವುದು 0.47 ಮಿಲಿಟೆಸ್ಲಾ, ಅಂದರೆ ಶೇ. 6ರಷ್ಟು. ಸೆನ್ಸರನ್ನು 3 ಮಿ.ಮೀ.ಗೆ ಇಳಿಸಿದರೆ ಅದು ಶೇ. 0.6ಕ್ಕೆ ಬರುತ್ತದೆ. ಅಷ್ಟು ಹತ್ತಿರದಲ್ಲೂ ತೆಳು ತಂತಿಯ ಲೆಕ್ಕ ಹೊಂದಬೇಕಾದರೆ ಸೆನ್ಸರ್ ಇರುವಲ್ಲಿ ಪಟ್ಟಿಯನ್ನು ಕುತ್ತಿಗೆಯಂತೆ ಕಿರಿದು ಮಾಡಬೇಕು. ಕಿರಿದಾದ ಕುತ್ತಿಗೆ ಬಿಸಿಯಾಗುತ್ತದೆ ಎಂಬುದೂ ನಿಜ.

ಪಟ್ಟಿಯ ಮೇಲೊಂದು, ಕೆಳಗೊಂದು ಸೆನ್ಸರ್ ಇಟ್ಟು ವ್ಯತ್ಯಾಸ ತೆಗೆಯುವ ಉಪಾಯವನ್ನು ಸರ್ವರೋಗ ನಿವಾರಕವೆಂಬಂತೆ ಹೇಳುವುದುಂಟು. ಭೂಮಿಯ ಕ್ಷೇತ್ರ, ದೂರದ ಕೇಬಲ್‌ಗಳ ಕ್ಷೇತ್ರ ಎರಡೂ ಸೆನ್ಸರ್‌ಗಳಿಗೆ ಸಮನಾಗಿ ಬೀಳುವುದರಿಂದ ಕಳೆದುಹೋಗುತ್ತವೆ, ಸರಿ. ಆದರೆ ಅದೇ ಮಟ್ಟದಲ್ಲಿರುವ ಪಕ್ಕದ ಪಟ್ಟಿಯ ಅಡ್ಡ ಕ್ಷೇತ್ರವು ಮೇಲೆ ಒಂದು ದಿಕ್ಕಿಗೆ, ಕೆಳಗೆ ಅದರ ವಿರುದ್ಧ ದಿಕ್ಕಿಗೆ ಇರುತ್ತದೆ. ಕಳೆದಾಗ ಅದು ಅಳಿಯುವ ಬದಲು ಕೂಡಿಕೊಳ್ಳುತ್ತದೆ. ನಮ್ಮ ಪಟ್ಟಿಯ ಕ್ಷೇತ್ರವೂ ಹಾಗೆಯೇ ಇಮ್ಮಡಿಯಾಗುವುದರಿಂದ ದೋಷದ ಪ್ರಮಾಣ ಇದ್ದಲ್ಲೇ ಇರುತ್ತದೆ.

ಪಟ್ಟಿ, ಸೆನ್ಸರ್ ಎರಡನ್ನೂ ಬಳಸಿ ನಿಲ್ಲುವ ಯು ಆಕಾರದ ಕಬ್ಬಿಣದ ಕವಚ ಒಳ್ಳೆಯ ಪರಿಹಾರವೇ. ಆದರೆ ಕವಚವು ಕಳಚಿಟ್ಟ ಉಂಗುರದ ಅರ್ಧ ಭಾಗವನ್ನೇ ಮರಳಿ ತರುತ್ತದೆ, ಜೊತೆಗೆ ಸ್ಯಾಚುರೇಷನ್ (ಕಬ್ಬಿಣ ಇನ್ನಷ್ಟು ಕಾಂತವಾಗಲಾರದ ಮಿತಿ) ಮತ್ತು ಕರೆಂಟ್ ನಿಂತ ಮೇಲೂ ಉಳಿಯುವ ಕಾಂತತ್ವವನ್ನೂ. ಆವೃತ್ತಿ ಏರಿದಂತೆ ತಾಮ್ರದೊಳಗೆ ಕರೆಂಟ್ ಅಂಚಿಗೆ ಸರಿದು ಸೆನ್ಸರ್ ಬಳಿಯ ಕ್ಷೇತ್ರ ಬದಲಾಗುವುದು ಇನ್ನೊಂದು ಕಿರಿಕಿರಿ: 50 ಹರ್ಟ್ಸ್‌ನಲ್ಲಿ ಸುಮಾರು 9 ಮಿ.ಮೀ. ಇರುವ ಸ್ಕಿನ್ ಡೆಪ್ತ್ (ಮೇಲ್ಮೈಯಿಂದ ಕರೆಂಟ್ ಹರಿಯುವ ಆಳ) 1000 ಹರ್ಟ್ಸ್‌ನಲ್ಲಿ ಸುಮಾರು 2 ಮಿ.ಮೀ.

ಪಟ್ಟಿಗಳ ನಕ್ಷೆ ಅಂತಿಮವಾದ ಮೇಲೆ ಸೆನ್ಸರ್‌ಗೆ ಜಾಗ ಹುಡುಕುವ ಕಡೆಗಳಲ್ಲಿ ಕೊನೆಗೆ ಉಳಿಯುವುದು ಸಾಫ್ಟ್‌ವೇರ್ ಒಂದೇ. ಒಂದು ಪಟ್ಟಿಯಲ್ಲಿ ಮಾತ್ರ ಕರೆಂಟ್ ಹರಿಸಿ, ಉಳಿದೆರಡರ ಸೆನ್ಸರ್‌ಗಳು ಎಷ್ಟು ತೋರಿಸುತ್ತವೆಂದು ಬರೆದುಕೊಂಡು, ಆ ಗುಣಾಂಕಗಳಿಂದ ಮೂರೂ ಅಳತೆಗಳನ್ನು ತಿದ್ದುತ್ತಾರೆ. ರಿಪೇರಿಯಲ್ಲಿ ಪಟ್ಟಿ ಒಂದೆರಡು ಮಿ.ಮೀ. ಅತ್ತಿತ್ತ ಕುಳಿತರೆ ಆ ಗುಣಾಂಕಗಳನ್ನು ಮತ್ತೆ ಅಳೆಯಬೇಕು.