ಎಂಜಿನಿಯರ್ ಇಲ್ಲದ ಆಸ್ಪತ್ರೆಯಲ್ಲಿ ಆಕ್ಸಿಜನ್ ಯಂತ್ರವನ್ನು ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ರಾಯಚೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ನಮ್ಮಲ್ಲಿ ಬಯೋಮೆಡಿಕಲ್ ಎಂಜಿನಿಯರ್ ಇಲ್ಲ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಕೆಟ್ಟರೆ ರಿಪೇರಿಯವರು ಬರಲು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೆ?

ಉತ್ತರ: ಬೇಕಿಲ್ಲ. ಯಂತ್ರ ಕೆಡದಂತೆ ಕಾಯುವ ಕೆಲಸದ ದೊಡ್ಡ ಪಾಲು ನಿಮ್ಮ ಕೈಯಲ್ಲೇ ಇದೆ.

ಒಂದು ಬೇಸಿಗೆಯಲ್ಲಿ, ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ ಮೂಲೆಗೆ ತಳ್ಳಿದ್ದ ಕಾನ್ಸಂಟ್ರೇಟರ್ ನೋಡಲು ಹೋಗಿದ್ದೆ. ಹಿಂಬದಿಯ ಸ್ಪಂಜಿನ ಫಿಲ್ಟರನ್ನು ಎಳೆದರೆ ಕಪ್ಪು ಸ್ಪಂಜು ಬೂದು ಕಂಬಳಿಯಂತಾಗಿತ್ತು. ಉಗುರು ತಾಗಿದರೆ ಧೂಳು ಪದರ ಪದರವಾಗಿ ಕಿತ್ತುಬರುತ್ತಿತ್ತು. ಫಿಲ್ಟರನ್ನು ತೊಳೆದು ಒಣಗಿಸಿ ಹಾಕಿ, ಯಂತ್ರವನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಸರಿಸಿ ಚಾಲೂ ಮಾಡಿದಾಗ ಅಲಾರಂ ಕೂಗಲಿಲ್ಲ.

ಸಂಡೂರಿನ ಅದಿರಿನ ಕೆಂಪು ಧೂಳು, ಶಕ್ತಿನಗರದ ಹಾರುಬೂದಿ, ಗಿಣಿಗೇರಿಯ ಕಾರ್ಖಾನೆಗಳ ಮಸಿ: ನಮ್ಮ ಭಾಗದ ಗಾಳಿ ಇಂಥದ್ದು. ಕಾನ್ಸಂಟ್ರೇಟರ್ ಬದುಕುವುದೇ ಗಾಳಿಯಿಂದ. ಗಾಳಿಯಲ್ಲಿರುವ ಆಮ್ಲಜನಕ ಶೇ 21ರಷ್ಟು. ಉಳಿದುದರಲ್ಲಿ ಬಹುಪಾಲು ಸಾರಜನಕ. ಒಳಗಿನ ಜಿಯೋಲೈಟ್ ಹರಳುಗಳು ಸಾರಜನಕವನ್ನು ಹಿಡಿದಿಟ್ಟು, ಶೇ 93ರ ಆಸುಪಾಸಿನ ಆಮ್ಲಜನಕವನ್ನು ಹೊರಬಿಡುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಕಂಪ್ರೆಸರ್ ಬಿಸಿಯೇರುತ್ತದೆ, ಶುದ್ಧತೆ ಇಳಿಯುತ್ತದೆ.

ಇಲ್ಲಿ ಮೋಸ ಹೋಗುವುದು ಬಹಳ ಸುಲಭ. ಲೀಟರ್ ತೋರಿಸುವ ಗುಂಡು 5ಕ್ಕೆ ಏರಿ ನಿಂತಿರುತ್ತದೆ, ನೀರಿನ ಬಾಟಲಿಯಲ್ಲಿ ಗುಳ್ಳೆಯೂ ಏಳುತ್ತಿರುತ್ತದೆ. ಆದರೆ ಗುಂಡು ಹೇಳುವುದು ಎಷ್ಟು ಗಾಳಿ ಹರಿಯುತ್ತಿದೆ ಎಂಬುದನ್ನಷ್ಟೆ; ಅದರಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನಲ್ಲ. ಶುದ್ಧತೆ ಶೇ 82ಕ್ಕಿಂತ ಕೆಳಗಿಳಿದರೆ ಆ ಯಂತ್ರವನ್ನು ರೋಗಿಗೆ ಹಾಕಬಾರದು. ಹಾಗಾಗಿ ಆಸ್ಪತ್ರೆಗೊಂದು ಶುದ್ಧತೆ ಅಳೆಯುವ ಆಕ್ಸಿಜನ್ ಅನಲೈಸರ್ ಇರಲೇಬೇಕೆಂದು ಪಟ್ಟು ಹಿಡಿಯಿರಿ.

ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ಸೋಪಿನ ನೀರಿನಲ್ಲಿ ತೊಳೆಯಿರಿ. ಒದ್ದೆ ಫಿಲ್ಟರನ್ನು ಮಾತ್ರ ಎಂದಿಗೂ ಹಾಕಬೇಡಿ, ಜಿಯೋಲೈಟಿಗೆ ತೇವವೇ ಶತ್ರು. ಒಂದು ಒಣಗುವಾಗ ಹಾಕಲು ಇನ್ನೊಂದು ಇರಲಿ. ಸ್ಟೆಬಿಲೈಸರ್ ಇಲ್ಲದೆ ಯಂತ್ರ ಹಚ್ಚಬೇಡಿ. ಇಂಥ ಸಣ್ಣ ಖರ್ಚುಗಳನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೇಳಿ, ಸಂಕೋಚ ಬೇಡ. ಕವಚ ಬಿಚ್ಚಿ ಒಳಗೆ ಕೈ ಹಾಕುವುದು ನಿಮ್ಮ ಕೆಲಸವಲ್ಲ.

ವಾರ್ಡಿಗೆ ಒಬ್ಬರ ಹೆಸರಿನಲ್ಲಿ ಈ ಹೊಣೆ ಬರೆದಿಡಿ. ಪಾಳಿ ಬದಲಾದಂತೆ ಹೊಣೆಯೂ ಕೈ ಬದಲಾಯಿಸಿದರೆ ಫಿಲ್ಟರ್ ತೊಳೆಯುವವರೇ ಇರುವುದಿಲ್ಲ. ತೊಳೆದ ದಿನ, ಯಂತ್ರ ಓಡಿದ ಗಂಟೆ, ಕೂಗಿದ ಅಲಾರಂ, ದೂರಿನ ಸಂಖ್ಯೆ ಒಂದು ನೋಟ್‌ಬುಕ್ಕಿನಲ್ಲಿರಲಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಲ್ಲಿ ಶುರುವಾದ ಉಪಕರಣ ನಿರ್ವಹಣಾ ಕಾರ್ಯಕ್ರಮದ ಪ್ರಕಾರ ಜಿಲ್ಲಾ ಆಸ್ಪತ್ರೆಯ ಯಂತ್ರಗಳು ಶೇ 95ರಷ್ಟು, ಸಮುದಾಯ ಆರೋಗ್ಯ ಕೇಂದ್ರದವು ಶೇ 90ರಷ್ಟು ಹೊತ್ತು ಸುಸ್ಥಿತಿಯಲ್ಲಿರಬೇಕು. ದೂರು ದಾಖಲಾಗದ ಯಂತ್ರ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಇನ್ನೊಂದು ಮಾತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ದಾನವಾಗಿ ಬಂದ ಯಂತ್ರಗಳು ನಿಮ್ಮ ಉಗ್ರಾಣದಲ್ಲೂ ಇರಬಹುದು. ಸುಮ್ಮನೆ ನಿಂತ ಯಂತ್ರದೊಳಗೂ ತೇವ ಸೇರುತ್ತದೆ. ಈ ವಾರವೇ ಒಂದೊಂದಾಗಿ ಹೊರತೆಗೆದು ಓಡಿಸಿ, ಶುದ್ಧತೆ ಅಳೆದು, ಬಂದ ಅಂಕಿಯನ್ನು ಯಂತ್ರದ ಮೇಲೆಯೇ ಅಂಟಿಸಿ.