ಟಾಪ್‌ನ ಔಟ್‌ಪುಟ್ ಫೈಲಿಗೆ ಹೋದರೆ ಯಾಕೆ ಕೆಡುತ್ತದೆ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್ ರಾತ್ರಿ ಹೊತ್ತು ನಿಧಾನವಾಗುತ್ತಿದೆ. ಏನು ನಡೆಯುತ್ತಿದೆ ಅಂತ ಬೆಳಿಗ್ಗೆ ನೋಡೋಣವೆಂದು ಟಾಪ್ ಕಮ್ಯಾಂಡ್‌ನ (ಯಾವ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಎಷ್ಟು ಸಿಪಿಯು, ಮೆಮೊರಿ ಬಳಸುತ್ತಿದೆ ಅಂತ ತೋರಿಸುವುದು) ಔಟ್‌ಪುಟ್ಟನ್ನು ಫೈಲಿಗೆ ಹಾಕಿಟ್ಟೆ. ತೆರೆದರೆ ಬರೀ ವಿಚಿತ್ರ ಚಿಹ್ನೆಗಳು. ಪರದೆ ಮೇಲೆ ಚೆನ್ನಾಗಿಯೇ ಇತ್ತಲ್ಲ?

ಉತ್ತರ: ಪರದೆ ಮೇಲೆ ಚೆನ್ನಾಗಿದ್ದದ್ದೇ ಇದಕ್ಕೆ ಕಾರಣ. ಟಾಪ್ ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಹೋಗುವುದಿಲ್ಲ, ಪರದೆಯನ್ನು ಮತ್ತೆ ಮತ್ತೆ ಬಿಡಿಸುತ್ತದೆ. 'ಎಡಗಡೆ ಮೇಲಿನ ಮೂಲೆಗೆ ಹೋಗು', 'ಈ ಸಾಲಲ್ಲಿ ಉಳಿದದ್ದನ್ನು ಅಳಿಸು', 'ಇದನ್ನು ದಪ್ಪ ಮಾಡು' ಅಂತ ಟರ್ಮಿನಲ್‌ಗೆ ಹೇಳುತ್ತಲೇ ಇರುತ್ತದೆ. ಇಂಥ ಪ್ರತಿ ಆಜ್ಞೆಯೂ 27ನೇ ಸಂಖ್ಯೆಯ ಎಸ್ಕೇಪ್ ಅಕ್ಷರದಿಂದ ಶುರುವಾಗುತ್ತದೆ. 1978ರಲ್ಲಿ ಬಂದ ವಿಟಿ100 ಟರ್ಮಿನಲ್‌ನ ಕಾಲದ ಭಾಷೆ ಇದು, ಇವತ್ತಿಗೂ ಅದೇ ನಡೆಯುತ್ತಿದೆ. ಟರ್ಮಿನಲ್ ಆಜ್ಞೆಯನ್ನು ಪಾಲಿಸುತ್ತದೆ. ಫೈಲಿಗೆ ಅದೆಲ್ಲ ಗೊತ್ತಿಲ್ಲ, ಬಂದದ್ದನ್ನು ಬಂದ ಹಾಗೇ ಬರೆದಿಡುತ್ತದೆ. ನಿಮಗೆ ಕಂಡ ಕಸ ಅದೇ.

ಆ ಕಸವನ್ನು ಸೆಡ್ (ಪಠ್ಯ ತಿದ್ದುವ ಕಮ್ಯಾಂಡ್) ಹಾಕಿ ಗುಡಿಸಲು ಹೋಗಬೇಡಿ. ಟಾಪ್‌ಗೇ ಮೈನಸ್ ಬಿ ಕೊಡಿ, ಅದು ಬ್ಯಾಚ್ ಮೋಡ್, ಅಂದರೆ ಪರದೆ ಬಿಡಿಸದೆ ಬರೀ ಸಾಲುಗಳನ್ನು ಬರೆಯುವ ರೀತಿ. ಜೊತೆಗೆ ಮೈನಸ್ ಎನ್ ಹಾಕಿ ಎಷ್ಟು ಸಲ ಬರೆಯಬೇಕು ಅಂತ ಹೇಳಿ, ಇಲ್ಲದಿದ್ದರೆ ನೀವು ನಿಲ್ಲಿಸುವ ತನಕ ಬರೆಯುತ್ತಲೇ ಇರುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ.)

ಇಷ್ಟಾದ ಮೇಲೆ ಇನ್ನೊಂದು ತೊಂದರೆ ಕಾದಿರುತ್ತದೆ: ಅಗಲ. ನಾನೂ ಒಮ್ಮೆ ನಿಮ್ಮ ಹಾಗೇ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕಮ್ಯಾಂಡ್ ಓಡಿಸುವ ವ್ಯವಸ್ಥೆ) ಟಾಪ್ ಹಾಕಿ ಮಲಗಿದ್ದೆ. ಪೂರ್ತಿ ಕಮ್ಯಾಂಡ್ ಕಾಣಲಿ ಅಂತ ಮೈನಸ್ ಸಿ ಕೂಡ ಕೊಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಆರು ಜಾವಾ ಪ್ರೊಸೆಸ್‌ಗಳು, ಆರೂ ಸಾಲು 80 ಅಕ್ಷರಕ್ಕೆ ಕಟ್. ಮೆಮೊರಿ ನುಂಗಿದ್ದು ಯಾವುದು ಅಂತ ಹೇಳುವ ಭಾಗವೇ ಇಲ್ಲ! ಟಾಪ್ ಬ್ಯಾಚ್ ಮೋಡ್‌ನಲ್ಲೂ ಟರ್ಮಿನಲ್‌ನ ಅಗಲವನ್ನೇ ನಂಬುತ್ತದೆ, ಕ್ರಾನ್‌ನಲ್ಲಿ ಟರ್ಮಿನಲ್ಲೇ ಇರುವುದಿಲ್ಲ. ಮೈನಸ್ ಡಬ್ಲ್ಯೂ 512 ಅಂತ ಕೊಟ್ಟರೆ ಸರಿಹೋಗುತ್ತದೆ. ಅದಕ್ಕಿಂತ ಜಾಸ್ತಿ ಅಗಲ ಟಾಪ್ ಕೊಡುವುದಿಲ್ಲ.

ನನ್ನನ್ನು ಕೇಳಿದರೆ, ಫೈಲಿಗೆ ಬರೆಯುವ ಕೆಲಸಕ್ಕೆ ಟಾಪ್‌ಗಿಂತ ಪಿಎಸ್ (ಆ ಕ್ಷಣದ ಪ್ರೊಸೆಸ್‌ಗಳ ಪಟ್ಟಿ ಕೊಡುವ ಕಮ್ಯಾಂಡ್) ಒಳ್ಳೆಯದು. ಮೈನಸ್ ಇಓ ಕೊಟ್ಟು ಬೇಕಾದ ಕಾಲಮ್‌ಗಳನ್ನಷ್ಟೇ ಕೇಳಬಹುದು: ಪಿಐಡಿ (ಪ್ರೊಸೆಸ್‌ನ ಸಂಖ್ಯೆ), ಯೂಸರ್, ಆರ್‌ಎಸ್‌ಎಸ್ (ಹಿಡಿದಿರುವ ಮೆಮೊರಿ), ಆರ್ಗ್ಸ್ (ಪೂರ್ತಿ ಕಮ್ಯಾಂಡ್). ಆರ್ಗ್ಸ್ ಯಾವಾಗಲೂ ಕೊನೆಯಲ್ಲಿರಲಿ. ಅದರೊಳಗೆ ಸ್ಪೇಸ್‌ಗಳಿರುತ್ತವೆ, ನಡುವೆ ಹಾಕಿದರೆ ಆಮೇಲೆ ಆಕ್‌ನಲ್ಲಿ (ಸಾಲಿನಿಂದ ಕಾಲಮ್ ಆರಿಸುವ ಕಮ್ಯಾಂಡ್) ಕಾಲಮ್ ಎಣಿಸುವಾಗ ತಲೆ ಕೆಡುತ್ತದೆ. ಯೂಸರ್ ಹೆಸರು ಉದ್ದವಿದ್ದರೆ 'ಯೂಸರ್', ಕೋಲನ್, 20 ಅಂತ ಬರೆದು ಜಾಗ ಹೆಚ್ಚಿಸಿ. ಶೀರ್ಷಿಕೆ ಬೇಡವಾದರೆ ಪ್ರತಿ ಕಾಲಮ್‌ನ ಹೆಸರಿನ ಕೊನೆಗೆ ಒಂದು ಸಮ ಚಿಹ್ನೆ ಸಾಕು. ಇಲ್ಲೂ ಸಾಲು ಕಟ್ ಆಗಬಾರದು ಅಂದರೆ ಎರಡು ಡಬ್ಲ್ಯೂ ಸೇರಿಸಿ. ಒಂದು ಮಾತು ನೆನಪಿರಲಿ: ಪಿಎಸ್ ತೋರಿಸುವ ಸಿಪಿಯು ಶೇಕಡಾ ಆ ಪ್ರೊಸೆಸ್ ಹುಟ್ಟಿದಾಗಿನಿಂದ ಈವರೆಗಿನ ಸರಾಸರಿ. ಟಾಪ್‌ನ ಅಂಕಿಗೆ ಅದು ತಾಳೆಯಾಗಲಿಲ್ಲ ಅಂತ ಗಾಬರಿಯಾಗಬೇಡಿ.

ಕಾಲಮ್ ಎಣಿಸುವುದು ಎಷ್ಟು ನಾಜೂಕು ಅನ್ನುವುದಕ್ಕೆ ಸಾರ್ (ಸಿಪಿಯು ಬಳಕೆಯಂಥ ಅಂಕಿಗಳನ್ನು ಸಮಯದ ಜೊತೆ ತೋರಿಸುವ ಕಮ್ಯಾಂಡ್) ಒಳ್ಳೆ ಉದಾಹರಣೆ. ನಿಮ್ಮ ಟರ್ಮಿನಲ್‌ನಲ್ಲಿ ಸಮಯದ ಪಕ್ಕ ಎಎಂ, ಪಿಎಂ ಬರುತ್ತಿರಬಹುದು. ಸ್ಕ್ರಿಪ್ಟ್ ಬರೆದು, 'ನಾಲ್ಕನೇ ಕಾಲಮ್ ಯೂಸರ್ ಶೇಕಡಾ' ಅಂತ ಪರೀಕ್ಷೆ ಮಾಡಿ, ಕ್ರಾನ್‌ಗೆ ಹಾಕುತ್ತೀರಿ. ಅಲ್ಲಿ ಲೊಕೇಲ್ (ಭಾಷೆ, ಸಮಯ ಬರೆಯುವ ರೀತಿಯ ಸೆಟ್ಟಿಂಗ್) ಬೇರೆ ಇದ್ದರೆ ಸಮಯ 24 ಗಂಟೆಯ ಲೆಕ್ಕದಲ್ಲಿ ಬರುತ್ತದೆ, ಎಎಂ ಮಾಯ, ಎಲ್ಲ ಒಂದು ಕಾಲಮ್ ಎಡಕ್ಕೆ. ಸ್ಕ್ರಿಪ್ಟ್ ಒಂದು ಎರರ್ ಕೂಡ ಕೊಡುವುದಿಲ್ಲ, ಸುಮ್ನೆ ತಪ್ಪು ಅಂಕಿ ಬರೆದಿಡುತ್ತದೆ. ಸ್ಕ್ರಿಪ್ಟ್‌ನ ಮೊದಲಲ್ಲೇ ಎಲ್‌ಸಿ ಅಂಡರ್‌ಸ್ಕೋರ್ ಆಲ್ ಅನ್ನು ಸಿ ಅಂತ ಇಟ್ಟುಬಿಡಿ (ಇವೆರಡು ಮಾತ್ರ ದೊಡ್ಡಕ್ಷರ). ಇನ್ನೂ ಮೇಲು ಅಂದರೆ ಸಾರ್‌ನ ಜೊತೆಗೇ ಬರುವ ಎಸ್‌ಎಡಿಎಫ್: ಮೈನಸ್ ಡಿ ಕೊಟ್ಟರೆ ಸೆಮಿಕೋಲನ್ ಹಾಕಿದ ಸಾಲುಗಳು, ಮೈನಸ್ ಜೆ ಕೊಟ್ಟರೆ ಜೇಸನ್ (ಪ್ರತಿ ಅಂಕಿಗೂ ಹೆಸರಿರುವ ರೂಪ).

ಡಿಸ್ಕ್‌ಗೆ ಡಿಎಫ್‌ನ (ಎಷ್ಟು ಜಾಗ ತುಂಬಿದೆ, ಎಷ್ಟು ಉಳಿದಿದೆ ಅಂತ ಹೇಳುವ ಕಮ್ಯಾಂಡ್) ಮೈನಸ್ ಮೈನಸ್ ಔಟ್‌ಪುಟ್ ಆಯ್ಕೆ ಇದೆ, ಕಾಲಮ್‌ಗಳನ್ನು ಹೆಸರು ಹಿಡಿದು ಕೇಳಬಹುದು. ಮೈನಸ್ ಎಚ್ ಕಣ್ಣಿಗೆ ಹಿತ, ಲೆಕ್ಕಕ್ಕೆ ಬೇಡ. 1.5ಜಿ, 900ಎಂ ಅಂತ ಬಂದರೆ ಕೂಡಿಸುವುದು ಹೇಗೆ, ಅಲ್ವಾ?

ಇನ್ನು ವಿಎಂಸ್ಟ್ಯಾಟ್ (ಮೆಮೊರಿ, ಸಿಪಿಯು ಒಟ್ಟು ಸ್ಥಿತಿ ತೋರಿಸುವುದು) ಫೈಲಿಗೆ ಹಾಕುವವರಾದರೆ, ಅದರ ಮೊದಲ ಸಾಲು ಈಗಿನದಲ್ಲ. ಮಷೀನ್ ಬೂಟ್ ಆದಾಗಿನಿಂದ ಆದ ಸರಾಸರಿ. 'ವಿಎಂಸ್ಟ್ಯಾಟ್ 5 2' ಅಂತ ಕೊಟ್ಟು, ಐದು ಸೆಕೆಂಡ್ ಕಾದು, ಎರಡನೇ ಸಾಲನ್ನು ಮಾತ್ರ ಇಟ್ಟುಕೊಳ್ಳಿ. ಡಿಸ್ಕ್ ಓದು-ಬರಹದ ಅಂಕಿ ಕೊಡುವ ಐಓಸ್ಟ್ಯಾಟ್‌ನಲ್ಲೂ ಇದೇ ಕಥೆ, ಅಲ್ಲಿ ಮೈನಸ್ ವೈ ಹಾಕಿದರೆ ಆ ಮೊದಲ ವರದಿಯನ್ನು ಅದೇ ಬಿಟ್ಟುಬಿಡುತ್ತದೆ.