ಮಗ್ಗುಲಾಗಿ ಮಲಗಿದಾಗಲೂ ಗೋಡೆ ನೆಟ್ಟಗೇ ಕಾಣುವುದೇಕೆ?

ಪ್ರಶ್ನೆ: ಮಗ್ಗುಲಾಗಿ ಮಲಗಿ ಟಿ.ವಿ. ನೋಡುವಾಗ ಕಣ್ಣಿನೊಳಗೆ ಮೂಡುವ ಚಿತ್ರವೂ ಅಡ್ಡಲಾಗಿಯೇ ಇರಬೇಕಲ್ಲವೇ? ಆದರೂ ಗೋಡೆ, ಕಿಟಕಿ, ಟಿ.ವಿ.ಯಲ್ಲಿ ನಿಂತಿರುವ ಜನ ಎಲ್ಲವೂ ನೆಟ್ಟಗೇ ಕಾಣುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಮೆದುಳಿಗೆ ಹೇಗೆ ತಿಳಿಯುತ್ತದೆ?

ಉತ್ತರ: ನಿಮ್ಮ ಊಹೆ ಸರಿ, ಅಕ್ಷಿಪಟಲದ ಮೇಲೆ ಬೀಳುವ ಚಿತ್ರ ಬಹುಮಟ್ಟಿಗೆ ಅಡ್ಡಲಾಗಿಯೇ ಇರುತ್ತದೆ. ತಲೆ ಒಂದು ಪಕ್ಕಕ್ಕೆ ವಾಲಿದಾಗ ಕಣ್ಣುಗುಡ್ಡೆಗಳು ತಾವಾಗಿಯೇ ಎದುರು ದಿಕ್ಕಿಗೆ ತುಸು ಹೊರಳುತ್ತವೆ. ಕನ್ನಡಿಯ ಮುಂದೆ ನಿಂತು, ಕಣ್ಣಿನ ಬಿಳಿಭಾಗದಲ್ಲಿರುವ ಒಂದು ಕೆಂಪು ರಕ್ತನಾಳವನ್ನು ಗಮನಿಸುತ್ತಾ ನಿಧಾನವಾಗಿ ತಲೆ ವಾಲಿಸಿದರೆ ಇದನ್ನು ನೀವೇ ಕಾಣಬಹುದು. ಆದರೆ ಈ ಹೊರಳುವಿಕೆ ಕೆಲವೇ ಡಿಗ್ರಿಗಳಷ್ಟು. ತಲೆ 90 ಡಿಗ್ರಿ ವಾಲಿದ್ದರೂ ಅದು ಸಾಮಾನ್ಯವಾಗಿ 10 ಡಿಗ್ರಿಯನ್ನು ಮುಟ್ಟುವುದಿಲ್ಲ. ಉಳಿದದ್ದನ್ನೆಲ್ಲ ಸರಿಪಡಿಸುವ ಕೆಲಸ ಮೆದುಳಿನದು.

ಇದಕ್ಕೆ ಬೇಕಾದ ಮಾಹಿತಿಯ ಒಂದು ಮುಖ್ಯ ಭಾಗ ಒಳಕಿವಿಯಿಂದ ಬರುತ್ತದೆ. ಅಲ್ಲಿನ ಮೂರು ಅರೆವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನು ಗುರುತಿಸಿದರೆ, ಅವುಗಳ ಬುಡದಲ್ಲಿರುವ ಯೂಟ್ರಿಕಲ್ ಮತ್ತು ಸ್ಯಾಕ್ಯೂಲ್ ಎಂಬ ಎರಡು ಪುಟ್ಟ ಚೀಲಗಳು ಗುರುತ್ವವನ್ನು ಗುರುತಿಸುತ್ತವೆ. ಈ ಚೀಲಗಳ ಗೋಡೆಯ ಮೇಲೆ ಸೂಕ್ಷ್ಮ ರೋಮಕೋಶಗಳಿದ್ದು, ಅವುಗಳನ್ನು ಲೋಳೆಯಂಥ ಪದರವೊಂದು ಮುಚ್ಚಿರುತ್ತದೆ, ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಹರಳುಗಳು ಹರಡಿಕೊಂಡಿರುತ್ತವೆ. ತಲೆ ವಾಲಿದೊಡನೆ ಭಾರವಾದ ಹರಳುಗಳು ಕೆಳಮುಖವಾಗಿ ಜಾರಲೆಳಸುತ್ತವೆ, ರೋಮಗಳು ಬಾಗುತ್ತವೆ, ಬಾಗಿದ ದಿಕ್ಕು ನರದ ಮೂಲಕ ಮೆದುಳಿಗೆ ವರದಿಯಾಗುತ್ತದೆ. ಮೊಬೈಲನ್ನು ಅಡ್ಡ ಹಿಡಿದಾಗ ಪರದೆ ತಾನಾಗಿಯೇ ತಿರುಗಿಕೊಳ್ಳುವುದೂ ಇಂಥದೇ ಸಂವೇದಕದಿಂದ.

ಆ ಸಂವೇದಕಕ್ಕಿರುವ ಮಿತಿಯೇ ಈ ಹರಳುಗಳಿಗೂ ಇದೆ: ತಲೆ ವಾಲಿದ್ದರಿಂದ ಆದ ಸೆಳೆತ ಯಾವುದು, ವಾಹನದ ವೇಗ ಅಥವಾ ದಿಕ್ಕು ಬದಲಾದದ್ದರಿಂದ ಆದ ಸೆಳೆತ ಯಾವುದು ಎಂಬುದನ್ನು ಅವು ಬೇರ್ಪಡಿಸಲಾರವು. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್‌ಸ್ಟ್ ಮಾಖ್ ಇದರ ಬಗ್ಗೆ ಯೋಚಿಸತೊಡಗಿದ್ದು ರೈಲು ತಿರುವಿನಲ್ಲಿ ಸಾಗುವಾಗ ಹೊರಗಿನ ಮನೆಗಳೂ ಮರಗಳೂ ವಾಲಿದಂತೆ ಕಂಡದ್ದರಿಂದ. ಈ ಗೊಂದಲವನ್ನು ಬಿಡಿಸಿಕೊಳ್ಳಲು ಮೆದುಳು ಅರೆವೃತ್ತ ನಾಳಗಳ ಸಂಕೇತ, ಚರ್ಮದ ಮೇಲಿನ ಒತ್ತಡ, ಕೀಲು–ಸ್ನಾಯುಗಳ ಸ್ಥಿತಿ ಇವೆಲ್ಲವನ್ನೂ ಕೂಡಿಸಿಕೊಳ್ಳುತ್ತದೆ.

ಕಣ್ಣಿನ ಸಾಕ್ಷ್ಯವಂತೂ ಬಹಳ ಬಲವಾದದ್ದು. ಗೋಡೆಯ ಮೂಲೆ, ಕಿಟಕಿಯ ಚೌಕಟ್ಟು, ತೂಗುಬಿದ್ದ ದೀಪ ಇವೆಲ್ಲ ಎಲ್ಲಿರಬೇಕೋ ಅಲ್ಲಿಯೇ ಇರುತ್ತವೆ ಎಂಬ ನಂಬಿಕೆಯ ಮೇಲೆ ಮೆದುಳು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. 1948ರಲ್ಲಿ ಮನೋವಿಜ್ಞಾನಿಗಳಾದ ಹರ್ಮನ್ ವಿಟ್ಕಿನ್ ಮತ್ತು ಸಾಲಮನ್ ಆಶ್ ಕತ್ತಲಲ್ಲಿ ಹೊಳೆಯುವ ಚೌಕಟ್ಟೊಂದನ್ನು ವಾಲಿಸಿಟ್ಟು, ಅದರೊಳಗಿನ ಕೋಲನ್ನು ನೆಟ್ಟಗೆ ನಿಲ್ಲಿಸುವಂತೆ ಜನರಿಗೆ ಹೇಳಿದರು. ನೆಟ್ಟಗೆ ಕುಳಿತಿದ್ದವರೂ ಕೋಲನ್ನು ಚೌಕಟ್ಟು ವಾಲಿದ ಕಡೆಗೇ ವಾಲಿಸಿದರು. ಕೆಲವರು ಸ್ವಲ್ಪ, ಕೆಲವರು ಬಹಳ.

ಹಾಗಾದರೆ ಕಣ್ಣಿನ ಸಾಕ್ಷ್ಯವನ್ನು ಪೂರ್ತಿ ತೆಗೆದುಬಿಟ್ಟರೆ ಏನಾಗುತ್ತದೆ? ನಿಮ್ಮ ಪ್ರಶ್ನೆಯ ನಿಜವಾದ ಸ್ವಾರಸ್ಯ ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. 1861ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಹರ್ಮನ್ ಔಬರ್ಟ್ ಕತ್ತಲಕೋಣೆಯಲ್ಲಿ ನೆಟ್ಟಗಿನ ಬೆಳಕಿನ ಗೆರೆಯೊಂದನ್ನು ನೋಡುತ್ತಾ ತಲೆ ವಾಲಿಸಿದಾಗ, ಗೆರೆಯು ತಲೆ ವಾಲಿದ ದಿಕ್ಕಿಗೆ ವಿರುದ್ಧವಾಗಿ ವಾಲಿದಂತೆ ಕಂಡಿತು. ಕೋಣೆಗೆ ಬೆಳಕು ಬಂದೊಡನೆ ಅದು ಮತ್ತೆ ನೇರವಾಯಿತು. ಕತ್ತಲಲ್ಲಿ ಮಗ್ಗುಲಾಗಿ ಮಲಗಿರುವವರಿಗೆ ಗೆರೆಯೊಂದನ್ನು ನೆಟ್ಟಗೆ ನಿಲ್ಲಿಸಲು ಹೇಳಿದರೆ, ಬಹಳಷ್ಟು ಮಂದಿ ಅದನ್ನು ತಮ್ಮ ತಲೆಯ ಕಡೆಗೆ 20 ಡಿಗ್ರಿಗೂ ಹೆಚ್ಚು ವಾಲಿಸಿ ‘ಈಗ ಸರಿಯಾಯಿತು’ ಎನ್ನುತ್ತಾರೆ. ವಾಲಿಕೆ ಕಡಿಮೆಯಿದ್ದಾಗ ಕೆಲವರಲ್ಲಿ ಇದಕ್ಕೆ ತಿರುಗುಮುರುಗಾದ ಸಣ್ಣ ತಪ್ಪು ಕಾಣುತ್ತದೆ. ಕಣ್ಣುಗುಡ್ಡೆಗಳ ಆ ಸಣ್ಣ ಹೊರಳುವಿಕೆಯನ್ನು ಮೆದುಳು ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿಯದಿರುವುದು ಅದಕ್ಕೆ ಕೊಡಲಾಗುವ ಒಂದು ಕಾರಣ.

ದೊಡ್ಡ ತಪ್ಪಿಗೆ ಇಂದು ಹೆಚ್ಚು ಒಪ್ಪಿತವಾಗಿರುವ ವಿವರಣೆಯೆಂದರೆ, ಎಚ್ಚರವಿರುವ ಹೊತ್ತಿನ ಬಹುಪಾಲು ನಮ್ಮ ತಲೆ ನೆಟ್ಟಗೇ ಇರುವುದರಿಂದ, ಒಳಕಿವಿಯ ಸಂಕೇತ ಅಸ್ಪಷ್ಟವಾಗಿದ್ದಾಗ ಮೆದುಳು ‘ತಲೆ ಅಷ್ಟೇನೂ ವಾಲಿರಲಾರದು’ ಎಂಬ ಹಳೆಯ ಅನುಭವದ ಕಡೆಗೆ ತನ್ನ ಅಂದಾಜನ್ನು ಎಳೆದುಕೊಳ್ಳುತ್ತದೆ ಎಂಬುದು. ಜರ್ಮನಿಯ ವಿಜ್ಞಾನಿ ಹೋರ್ಸ್ಟ್ ಮಿಟೆಲ್‌ಸ್ಟೆಟ್ 1983ರಲ್ಲಿ ದೇಹದ ಉದ್ದದ ಅಕ್ಷದ (ಕಾಲಿನಿಂದ ತಲೆಯವರೆಗಿನ ಗೆರೆಯ) ಕಡೆಗಿನ ಈ ಎಳೆತವನ್ನು ಗಣಿತದ ರೂಪದಲ್ಲಿ ಹೇಳಿದರು. ದಿನನಿತ್ಯದ ಸಣ್ಣ ವಾಲಿಕೆಗಳಲ್ಲಿ ಈ ಪೂರ್ವಗ್ರಹ ಅಂದಾಜಿನ ತೊಯ್ದಾಟವನ್ನು ಕಡಿಮೆ ಮಾಡುತ್ತದೆ. ಅದರ ಬೆಲೆ ತೆರಬೇಕಾಗುವುದು ಕತ್ತಲಲ್ಲಿ ಪೂರ್ತಿ ಅಡ್ಡಲಾದಾಗ ಮಾತ್ರ. ಆದ್ದರಿಂದ ಇದನ್ನು ಮೆದುಳಿನ ದೋಷವೆನ್ನುವುದು ನ್ಯಾಯವಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಗೆರೆಯನ್ನು ಅಷ್ಟು ತಪ್ಪಾಗಿ ನಿಲ್ಲಿಸಿದ ವ್ಯಕ್ತಿಯನ್ನೇ ‘ನಿಮ್ಮ ದೇಹ ಎಷ್ಟು ವಾಲಿದೆ?’ ಎಂದು ಕೇಳಿದರೆ ಉತ್ತರ ಹೆಚ್ಚು ಕಡಿಮೆ ಸರಿಯಾಗಿಯೇ ಬರುತ್ತದೆ. ಅಂದರೆ ಕಣ್ಣಿಗೆ ಕಾಣುವ ವಸ್ತು ನೇರವೇ ಎಂಬ ತೀರ್ಮಾನವೂ, ನನ್ನ ದೇಹ ನೇರವೇ ಎಂಬ ತೀರ್ಮಾನವೂ ಒಂದೇ ಅಲ್ಲ. ಪಾರ್ಶ್ವವಾಯುವಿನ ಕೆಲವು ರೋಗಿಗಳಲ್ಲಿ ಇವೆರಡೂ ಬೇರ್ಪಡುವುದು ಸ್ಪಷ್ಟವಾಗಿ ಕಾಣುತ್ತದೆ. ಕೂರಿಸಿದಾಗ ಅವರು ಸ್ವಾಧೀನವಿರುವ ಕೈಯಿಂದಲೇ ತಮ್ಮನ್ನು ಸ್ವಾಧೀನ ತಪ್ಪಿದ ಕಡೆಗೆ ತಳ್ಳಿಕೊಳ್ಳುತ್ತಾರೆ, ನೆಟ್ಟಗೆ ಮಾಡಲು ಹೋದವರನ್ನು ಪ್ರತಿರೋಧಿಸುತ್ತಾರೆ. ಮನೆಯವರಿಗೆ ಇದು ಹಟದಂತೆ ಕಾಣಬಹುದು, ಆದರೆ ಹಟವಲ್ಲ. ಜರ್ಮನಿಯ ನರವಿಜ್ಞಾನಿ ಹಾನ್ಸ್–ಓಟೊ ಕಾರ್ನಾತ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ, ಇಂಥ ರೋಗಿಗಳಿಗೆ ದೇಹ ಸುಮಾರು 18 ಡಿಗ್ರಿ ವಾಲಿದ್ದಾಗ ತಾವು ನೆಟ್ಟಗಿದ್ದೇವೆ ಎನ್ನಿಸುತ್ತದೆ. ಆದರೆ ಕಣ್ಣಿನಿಂದ ಗೆರೆಯ ನೇರವನ್ನು ಹೇಳುವ ಶಕ್ತಿ ಬಹುಮಟ್ಟಿಗೆ ಉಳಿದಿರುತ್ತದೆ. ಹಾಗಾಗಿಯೇ ಫಿಜಿಯೊಥೆರಪಿಯಲ್ಲಿ ಅವರಿಗೆ ಕಂಬ, ಚೌಕಟ್ಟುಗಳನ್ನು ತೋರಿಸಿ, ಕಣ್ಣನ್ನು ನಂಬಿ ದೇಹವನ್ನು ಹೊಂದಿಸಿಕೊಳ್ಳಲು ಕಲಿಸುತ್ತಾರೆ.

ತಲೆಸುತ್ತಿನ ರೋಗಿಗಳಲ್ಲಿ ಈ ‘ನೇರ’ವನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಒಂದು ಪ್ಲಾಸ್ಟಿಕ್ ಬಕೆಟ್ಟಿನ ಒಳತಳದಲ್ಲಿ ಗೆರೆಯೊಂದನ್ನು ಎಳೆದು, ಹೊರಗೆ ಕೋನಮಾಪಕ ಅಂಟಿಸಿ, ತೂಗುಗುಂಡಿನ ದಾರ ಇಳಿಬಿಡುತ್ತಾರೆ. ಕೋಣೆಯ ಯಾವುದೂ ಕಾಣದಂತೆ ರೋಗಿ ಬಕೆಟ್ಟಿನೊಳಗೆ ಮುಖವಿಟ್ಟು ನೋಡುತ್ತಿರುವಾಗ ವೈದ್ಯರು ಅದನ್ನು ನಿಧಾನವಾಗಿ ತಿರುಗಿಸುತ್ತಾರೆ. ಗೆರೆ ನೆಟ್ಟಗಾಯಿತು ಎಂದು ರೋಗಿ ಹೇಳಿದಾಗ ದಾರ ತೋರಿಸುವ ಕೋನವನ್ನು ಓದಿಕೊಳ್ಳುತ್ತಾರೆ. ಆರೋಗ್ಯವಂತರಲ್ಲಿ ತಪ್ಪು ಸಾಮಾನ್ಯವಾಗಿ ಎರಡು–ಎರಡೂವರೆ ಡಿಗ್ರಿಯೊಳಗೇ ಇರುತ್ತದೆ. ಒಂದು ಕಿವಿಯ ಸಮತೋಲನ ನರಕ್ಕೆ ಹೊಸದಾಗಿ ಪೆಟ್ಟಾಗಿದ್ದರೆ ಗೆರೆ ಅದೇ ಕಡೆಗೆ ವಾಲುತ್ತದೆ. ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳುಕಾಂಡದ ಕೆಳಭಾಗದಲ್ಲಿ ಹಾನಿಯಾದರೂ ಹಾಗೆಯೇ. ಹಾನಿ ಮೆದುಳುಕಾಂಡದ ಮೇಲ್ಭಾಗದಲ್ಲಿದ್ದರೆ ಮಾತ್ರ ವಾಲಿಕೆ ಎದುರು ಪಕ್ಕಕ್ಕಿರುತ್ತದೆ, ಏಕೆಂದರೆ ಒಳಕಿವಿಯಿಂದ ಹೊರಟ ಗುರುತ್ವದ ದಾರಿ ಅಷ್ಟರಲ್ಲಿ ಮಧ್ಯರೇಖೆಯನ್ನು ದಾಟಿ ಇನ್ನೊಂದು ಬದಿಗೆ ಹೋಗಿರುತ್ತದೆ.